ಮಸಿ ಹೋಯಿತು, ಪಿಸ್ಟನ್ನೂ ಹೋಯಿತು!

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳು ಇನ್ನೂ ಹಲವು ಮನೆಗಳ ಅಂಗಳದಲ್ಲಿ ನಿಂತಿವೆ. ಅಪ್ಪ ಓಡಿಸಿದ್ದನ್ನು ಮಗ ಒರೆಸಿ, ಎಣ್ಣೆ ಹಾಕಿ, ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೋಗಿ ಬರುತ್ತಾನೆ. ಇಂಥ ಬೈಕಿರುವ ಮನೆಯಲ್ಲಿ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಶನಿವಾರ ರಾತ್ರಿ ಬಂದೇ ಬರುತ್ತದೆ. ಬೈಕು ಚಾಮುಂಡಿ ಬೆಟ್ಟ ಹತ್ತಲು ಏದುಸಿರು ಬಿಡುತ್ತದೆ, ಎಷ್ಟು ಆಕ್ಸಿಲರೇಟರ್ ತಿರುವಿದರೂ ಎಳೆತವಿಲ್ಲ. ಗೊತ್ತಿದ್ದವರು ತಕ್ಷಣ ಹೇಳುತ್ತಾರೆ, ‘ಸೈಲೆನ್ಸರ್ ಕಟ್ಟಿದೆ, ಕಾರ್ಬನ್ ತೆಗೀಬೇಕು.’

ಆಗ ಎರಡೂ ಸೈಲೆನ್ಸರ್ ಬಿಚ್ಚಿ, ಒಂದು ತುದಿಗೆ ಮರದ ಬಿರಡೆ ಬಡಿದು, ಹಿತ್ತಲ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಳಗೆ ಕಾಸ್ಟಿಕ್ ಸೋಡ ಕರಗಿಸಿದ ನೀರು ತುಂಬಿಸುತ್ತಾರೆ. ಬೆಳಿಗ್ಗೆ ಬಗ್ಗಿಸಿದರೆ ಡಾಂಬರಿನಂಥ ಕಪ್ಪು ಕಷಾಯ ಸುರಿಯುತ್ತದೆ. ನಾಲ್ಕು ಸಲ ನೀರು ಹಾಯಿಸಿದರೆ ಒಳಗಿನ ತಗಡು ಬೆಳ್ಳಗೆ ಕಾಣುತ್ತದೆ. ನೋಡುತ್ತ ನಿಂತ ಹುಡುಗನಿಗೆ ಇದೊಂದು ಮಾಯೆ! ಪಕ್ಕದಲ್ಲೇ ಬಿಚ್ಚಿಟ್ಟ ಪಿಸ್ಟನ್ನಿನ ತಲೆಯ ಮೇಲೂ ಅದೇ ಕರಿ ಇದೆ. ‘ಅಪ್ಪಾ, ಇದನ್ನೂ ಆ ನೀರಿಗೇ ಹಾಕ್ಬಿಡ್ಲಾ?’ ಎಂದು ಕೇಳುವುದು ಸಹಜ. ಅಪ್ಪ ಬಲ್ಲವನಾದರೆ, ‘ಬೇಡ ಕಣೋ, ಮುಟ್ಟಬೇಡ’ ಎಂದು ಕೂಗುತ್ತಾನೆ. ಅಪ್ಪ ಸ್ನಾನಕ್ಕೆ ಹೋಗಿದ್ದರೆ?

ಒಂದೇ ಮಸಿ, ಒಂದೇ ಎಂಜಿನ್, ಒಂದೇ ಬಕೆಟ್ಟಿನ ನೀರು. ಒಂದು ಭಾಗಕ್ಕೆ ಅದು ಔಷಧ, ಇನ್ನೊಂದಕ್ಕೆ ವಿಷ. ಹತ್ತನೇ ತರಗತಿಯ ರಸಾಯನ ಶಾಸ್ತ್ರ ಬಲ್ಲ ಯಾರಿಗಾದರೂ ಇದರ ಕಾರಣ ತಿಳಿಯಬೇಕು. ಆದರೆ ಪುಸ್ತಕದ ಸಮೀಕರಣವನ್ನು ಹಿತ್ತಲ ಬಕೆಟ್ಟಿನ ಜೊತೆ ಹೊಂದಿಸಿ ನೋಡುವ ಅಭ್ಯಾಸ ನಮ್ಮ ಮಕ್ಕಳಿಗೆ ಕಡಿಮೆ.

ಉರಿಯದೆ ಉಳಿದದ್ದು

ಪೆಟ್ರೋಲಿನಲ್ಲಿ ಇರುವುದು ಮುಖ್ಯವಾಗಿ ಇಂಗಾಲ ಮತ್ತು ಜಲಜನಕ. ಪೂರ್ತಿ ಉರಿದರೆ ಉಳಿಯಬೇಕಾದದ್ದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಿನ ಆವಿ ಮಾತ್ರ. ಸಿಲಿಂಡರಿನೊಳಗಿನ ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಾಗಿದ್ದೂ ಮಸಿ ಉಳಿಯುವುದೇಕೆ?

ಜ್ವಾಲೆ ಲೋಹದ ಗೋಡೆಯ ಸಮೀಪ ಬಂದಾಗ ಆರಿಹೋಗುತ್ತದೆ. ಗೋಡೆ ಶಾಖವನ್ನು ಎಳೆದುಕೊಳ್ಳುವುದರಿಂದ ಅಲ್ಲಿನ ತೆಳುಪದರದ ಅನಿಲ ಉರಿಯುವಷ್ಟು ಬಿಸಿಯಾಗುವುದೇ ಇಲ್ಲ. 1815ರಲ್ಲಿ ಹಂಫ್ರಿ ಡೇವಿ ಗಣಿ ಕೆಲಸಗಾರರಿಗಾಗಿ ರೂಪಿಸಿದ ರಕ್ಷಣಾ ದೀಪದ ಗುಟ್ಟೂ ಇದೇ. ದೀಪದ ಸುತ್ತಲಿನ ತಂತಿಬಲೆ ಶಾಖವನ್ನು ಹೀರಿ ಜ್ವಾಲೆ ಹೊರಗೆ ಹಾಯದಂತೆ ತಡೆಯುತ್ತದೆ. ಗಣಿಯಲ್ಲಿ ಜೀವ ಉಳಿಸಿದ ಅದೇ ನಿಯಮ ಎಂಜಿನ್ನಿನಲ್ಲಿ ಮಸಿ ಕೂರಿಸುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ತೊಂದರೆ ಇನ್ನೂ ಹೆಚ್ಚು. ಅಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಹಾಕಬೇಕು. ಹಳೆಯ ಜಾವಾ, ಯೆಜ್ಡಿಗಳಿಗೆ 20ರಿಂದ 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಹಾಕುವುದು ರೂಢಿಯಾಗಿತ್ತು. ಬೇರಿಂಗ್ ಮತ್ತು ಪಿಸ್ಟನ್ನಿಗೆ ಜಿಡ್ಡು ಸವರುವ ಕೆಲಸ ಮುಗಿಸಿದ ಈ ಎಣ್ಣೆ ಕೊನೆಗೆ ಪೆಟ್ರೋಲಿನೊಂದಿಗೆ ಉರಿಯಬೇಕು. ಪೆಟ್ರೋಲಿನಷ್ಟು ಸುಲಭವಾಗಿ ಅದು ಉರಿಯುವುದಿಲ್ಲ. ಅರ್ಧ ಸುಟ್ಟ ಎಣ್ಣೆ ಆಮ್ಲಜನಕ ಸೇರಿ ಅಂಟಾಗುತ್ತದೆ, ಅಂಟಿಗೆ ಮಸಿಯ ಕಣಗಳು ಹಿಡಿಯುತ್ತವೆ, ಶಾಖಕ್ಕೆ ಅದು ಗಟ್ಟಿಯಾಗುತ್ತದೆ, ಅದರ ಮೇಲೆ ಇನ್ನೊಂದು ಪದರ ಕೂರುತ್ತದೆ. ಸೈಲೆನ್ಸರಿನ ತಂಪಾದ ಹಿಂಬದಿಯಲ್ಲಂತೂ ಎಣ್ಣೆ ಉರಿಯದೆಯೇ ಕೂತು ಒದ್ದೆ ಮಸಿಯಾಗುತ್ತದೆ.

ಹಿಂದೆ ರೇಸ್ ಬೈಕುಗಳಿಗೆ ಹರಳೆಣ್ಣೆಯನ್ನೇ ಬಳಸುತ್ತಿದ್ದರು. ಪ್ರಸಿದ್ಧ ಎಂಜಿನ್ ಆಯಿಲ್ ‘ಕ್ಯಾಸ್ಟ್ರಾಲ್’ ಹೆಸರಿನ ಮೂಲವೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್ ಆಯಿಲ್’. ಶಾಖದಲ್ಲೂ ತೆಳುವಾಗಿ ಹರಿದುಹೋಗದ ಉತ್ತಮ ಎಣ್ಣೆ ಅದು. ಆದರೆ ಸುಟ್ಟರೆ ಬಿಡುವ ಅಂಟು ಮಾತ್ರ ಭಾರಿ ಹಟಮಾರಿ. ಹರಳೆಣ್ಣೆ ದೀಪದ ಹಣತೆಯನ್ನು ತಿಕ್ಕಿ ಗೊತ್ತಿರುವ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕರಿ ಕೂತರೆ ಏನು ನಷ್ಟ? ಸೈಲೆನ್ಸರಿನಲ್ಲಿ ಕೂತರೆ ಹೊಗೆ ಹೊರಹೋಗಲು ದಾರಿಯಿಲ್ಲದೆ ಹೊಸ ಗಾಳಿ ಒಳಗೆ ಬರುವುದೂ ಕಡಿಮೆಯಾಗುತ್ತದೆ. ಪಿಸ್ಟನ್ ರಿಂಗಿನ ಗಾಡಿಯಲ್ಲಿ ಕೂತರೆ ರಿಂಗು ಅಲುಗಾಡದೆ ಸಿಕ್ಕಿಕೊಂಡು ಕಂಪ್ರೆಷನ್ ಸೋರುತ್ತದೆ. ಪಿಸ್ಟನ್ ತಲೆಯ ಮೇಲೆ ಕೂತರೆ ಅದು ಕಂಬಳಿ ಹೊದಿಸಿದಂತೆ. ಒಂದು ಚೂರು ಕೆಂಡವಾಗಿ ಉಳಿದರಂತೂ ಪ್ಲಗ್ಗಿನ ಕಿಡಿಗೆ ಕಾಯದೆ ಪೆಟ್ರೋಲು ಮೊದಲೇ ಹೊತ್ತಿಕೊಳ್ಳುತ್ತದೆ. ಆಗ ಎಂಜಿನ್ ಕುಟ್ಟುವ ಸದ್ದು ಕೇಳುತ್ತದೆ.

ಇಂಗಾಲ ಕರಗುವುದೇ ಇಲ್ಲ

‘ಕಾರ್ಬನ್ ಕರಗಿಸುವ ದ್ರವ’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ್ದರೆ ಅದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಮಸಿಯ ರೂಪದ ಇಂಗಾಲ ನೀರಿನಲ್ಲಿ ಕರಗುವುದಿಲ್ಲ, ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ, ಪೆಟ್ರೋಲು, ಆಸಿಟೋನ್, ಕಾಸ್ಟಿಕ್ ಸೋಡ ಯಾವುದರಲ್ಲೂ ಕರಗುವುದಿಲ್ಲ. ಬಂಗಾರವನ್ನೇ ಕರಗಿಸುವ ರಾಜೋದಕವೂ ಅದರ ಮುಂದೆ ಸೋಲುತ್ತದೆ. ಬಿಸಿಯಾದ ಸಾರೀಕೃತ ಗಂಧಕಾಮ್ಲ ಇಂಗಾಲವನ್ನು ಡೈ ಆಕ್ಸೈಡ್ ಆಗಿ ಬದಲಿಸುತ್ತದೆ ನಿಜ. ಅದು ಕರಗುವುದಲ್ಲ, ಒಂದು ಬಗೆಯ ಉರಿಯುವಿಕೆ. ಅಷ್ಟರಲ್ಲಿ ಎಂಜಿನ್ನಿನ ಭಾಗವೂ ಉಳಿದಿರುವುದಿಲ್ಲ.

(ಇಂಗಾಲದ ಒಂದು ರೂಪ ಮಾತ್ರ ಇದಕ್ಕೆ ಅಪವಾದ. ಫುಟ್‌ಬಾಲಿನ ಆಕಾರದಲ್ಲಿ 60 ಪರಮಾಣುಗಳು ಸೇರಿದ ಫುಲರೀನ್ ಟಾಲ್ವಿನ್‌ನಲ್ಲಿ ಕರಗಿ ನೇರಳೆ ಬಣ್ಣ ಕೊಡುತ್ತದೆ. ಅದನ್ನು ಕಂಡುಹಿಡಿದವರಿಗೆ 1996ರಲ್ಲಿ ನೊಬೆಲ್ ಬಂತು. ಸೈಲೆನ್ಸರಿನಲ್ಲಿ ಕೂರುವ ಮಸಿ ಅಂಥ ಗಣ್ಯ ವಸ್ತುವಲ್ಲ.)

ಹಾಗಾದರೆ ರಾತ್ರಿ ನೆನೆಸಿಟ್ಟ ಸೈಲೆನ್ಸರಿನಿಂದ ಬೆಳಿಗ್ಗೆ ಕರಿ ಇಳಿಯುವುದು ಹೇಗೆ? ಹಾಲು ಸೀದುಹೋದ ಪಾತ್ರೆಯನ್ನು ನೆನಪಿಸಿಕೊಳ್ಳಿ. ತಾಯಂದಿರು ಅದಕ್ಕೆ ನೀರು ಹಾಕಿ, ಸ್ವಲ್ಪ ಸೋಡವನ್ನೋ ಹಿಂದಿನ ಕಾಲದಲ್ಲಾದರೆ ಒಲೆಯ ಬೂದಿಯನ್ನೋ ಬೆರೆಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ತಳದ ಕರಿ ಹಪ್ಪಳದಂತೆ ಎದ್ದು ಬರುತ್ತದೆ. ಕರಿ ಕರಗಿರುವುದಿಲ್ಲ, ಪಾತ್ರೆಯನ್ನು ಹಿಡಿದುಕೊಂಡಿದ್ದ ಅದರ ಹಿಡಿತ ಸಡಿಲವಾಗಿರುತ್ತದೆ, ಅಷ್ಟೆ. ಮರದ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಒಂದು ಕ್ಷಾರ. ಅಜ್ಜಿಯ ಬೂದಿ ಮತ್ತು ಮೆಕ್ಯಾನಿಕ್‌ನ ಕಾಸ್ಟಿಕ್ ಸೋಡ ಒಂದೇ ವಂಶದವು.

ಎಂಜಿನ್ನಿನ ಕರಿಯನ್ನು ಕಲ್ಲಿನ ಗೋಡೆಗೆ ಹೋಲಿಸಬಹುದು. ಇಂಗಾಲದ ಕಣಗಳು ಕಲ್ಲು, ಸುಟ್ಟ ಎಣ್ಣೆಯ ಅಂಟು ಗಾರೆ. ನೆನೆಸುವ ದ್ರವಗಳು ಕೆಲಸ ಮಾಡುವುದು ಗಾರೆಯ ಮೇಲೆ. ಗಾರೆ ಸಡಿಲಿಸಿದರೆ ಕಲ್ಲು ತಾನಾಗಿ ಉದುರುತ್ತದೆ.

ಕ್ಷಾರವು ಎಣ್ಣೆಯನ್ನು ಸಾಬೂನಾಗಿ ಬದಲಿಸುತ್ತದೆ ಎಂದು ಪಾಠದಲ್ಲಿ ಓದಿದವರು ಇಲ್ಲೂ ಹಾಗೆಯೇ ಎಂದುಕೊಳ್ಳುವುದುಂಟು. ಹರಳೆಣ್ಣೆಗೆ ಅದು ನಿಜ. ಇಂದಿನ ಎಂಜಿನ್ ಎಣ್ಣೆ ಹೆಚ್ಚಾಗಿ ಕಚ್ಚಾತೈಲದಿಂದ ಬಂದದ್ದು. ಅದು ಕ್ಷಾರದೊಂದಿಗೆ ಸಾಬೂನಾಗುವುದಿಲ್ಲ. ಆದರೆ ಅದು ಸುಟ್ಟು ಆಮ್ಲಜನಕ ಸೇರಿದಾಗ ಹುಟ್ಟುವ ಅಂಟಿನಲ್ಲಿ ಸಾವಯವ ಆಮ್ಲಗಳಿರುತ್ತವೆ. ಕ್ಷಾರ ಅವುಗಳೊಂದಿಗೆ ಸೇರಿ ನೀರಿನಲ್ಲಿ ಕರಗುವ, ಸಾಬೂನಿನಂಥ ಲವಣಗಳನ್ನು ಮಾಡುತ್ತದೆ. ಸೈಲೆನ್ಸರಿನಿಂದ ಸುರಿದ ಕಪ್ಪು ಕಷಾಯ ಬೆರಳಿಗೆ ಜಾರುವುದು ಇದರಿಂದಲೂ ಹೌದು, ಕ್ಷಾರವೇ ಚರ್ಮದ ಜಿಡ್ಡನ್ನು ಸಾಬೂನು ಮಾಡುವುದರಿಂದಲೂ ಹೌದು. ಹಾಗೆ ಜಾರಿತೆಂದರೆ ಚರ್ಮ ಸುಡಲು ಆರಂಭಿಸಿದೆ ಎಂದರ್ಥ!

ಪಿಸ್ಟನ್ ಏಕೆ ಸಾಯುತ್ತದೆ?

ಸೈಲೆನ್ಸರ್ ಉಕ್ಕಿನ ತಗಡು. ಉಕ್ಕಿಗೂ ಅದರ ಮೇಲಿನ ಕ್ರೋಮಿಯಂ ಲೇಪಕ್ಕೂ ತಣ್ಣನೆಯ ಕಾಸ್ಟಿಕ್ ಸೋಡದಿಂದ ಹೇಳಿಕೊಳ್ಳುವಂಥ ಅಪಾಯವಿಲ್ಲ. ಪಿಸ್ಟನ್ ಮತ್ತು ಸಿಲಿಂಡರ್ ಹೆಡ್ ಅಲ್ಯುಮಿನಿಯಂ ಮಿಶ್ರಲೋಹ. ಗಾಳಿಗೆ ಒಡ್ಡಿದ ಅಲ್ಯುಮಿನಿಯಂ ಮೇಲೆ ತೆಳುವಾದ ಆಕ್ಸೈಡ್ ಪದರ ತಾನಾಗಿ ಮೂಡಿ ಒಳಗಿನ ಲೋಹವನ್ನು ಕಾಪಾಡುತ್ತದೆ. ಈ ಆಕ್ಸೈಡ್ ಉಭಯಧರ್ಮಿ. ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ಕಾಸ್ಟಿಕ್ ಸೋಡ ಮೊದಲು ಈ ಕವಚವನ್ನು ಕಳಚುತ್ತದೆ, ಆಮೇಲೆ ಬರಿಮೈಯ ಲೋಹವನ್ನೇ ತಿನ್ನತೊಡಗುತ್ತದೆ. ಅಲ್ಯುಮಿನಿಯಂ, ಕಾಸ್ಟಿಕ್ ಸೋಡ ಮತ್ತು ನೀರು ಸೇರಿ ಸೋಡಿಯಂ ಅಲ್ಯುಮಿನೇಟ್ ಆಗುತ್ತದೆ, ಜಲಜನಕ ಗುಳ್ಳೆಗಳಾಗಿ ಏಳುತ್ತದೆ.

ಲೆಕ್ಕ ಹಾಕಿ ನೋಡಿ. 54 ಗ್ರಾಂ ಅಲ್ಯುಮಿನಿಯಂ ಕರಗಿದರೆ 6 ಗ್ರಾಂ ಜಲಜನಕ. ಅಂದರೆ ಕೇವಲ 10 ಗ್ರಾಂ ಲೋಹ ಕರಗಿದರೂ ಸುಮಾರು 12 ಲೀಟರ್ ಜಲಜನಕ ಹೊರಬೀಳುತ್ತದೆ. ಗಾಳಿಯಲ್ಲಿ ಜಲಜನಕ ಶೇ. 4ರಷ್ಟಿದ್ದರೂ ಹೊತ್ತಿಕೊಳ್ಳಬಲ್ಲದು. ಮುಚ್ಚಿದ ಬಚ್ಚಲು ಮನೆಯಲ್ಲಿ, ಪಕ್ಕದಲ್ಲಿ ಸ್ನಾನದ ಒಲೆ ಉರಿಯುತ್ತಿರುವಾಗ ಈ ಪ್ರಯೋಗ ಮಾಡಿದರೆ ಏನಾದೀತು ಎಂಬುದನ್ನು ಊಹಿಸಬಹುದು.

ಇಲ್ಲಿ ಇನ್ನೊಂದು ಮೋಸವಿದೆ. ಪಿಸ್ಟನ್ ಬರಿಯ ಅಲ್ಯುಮಿನಿಯಂ ಅಲ್ಲ. ಅದರಲ್ಲಿ ಸಾಕಷ್ಟು ಸಿಲಿಕಾನ್, ಸ್ವಲ್ಪ ತಾಮ್ರ ಬೆರೆತಿರುತ್ತದೆ. ಕ್ಷಾರವು ಅಲ್ಯುಮಿನಿಯಂ ತಿಂದಾಗ ಇವು ಕರಗದೆ ಮೇಲ್ಮೈಯಲ್ಲಿ ಕಪ್ಪು ಹುಡಿಯಾಗಿ ಉಳಿಯುತ್ತವೆ. ಹುಡುಗ ಪಿಸ್ಟನ್ ಎತ್ತಿ ನೋಡುತ್ತಾನೆ. ಇನ್ನೂ ಕಪ್ಪಗಿದೆ! ಮಸಿ ಪೂರ್ತಿ ಹೋಗಿಲ್ಲವೆಂದು ಮತ್ತೆ ಮುಳುಗಿಸುತ್ತಾನೆ. ಕಪ್ಪು ಇನ್ನಷ್ಟು ಹೆಚ್ಚುತ್ತದೆ. ಅಷ್ಟರಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರಬೇಕಾದ, ಕೂದಲೆಳೆಯ ದಪ್ಪದ ಆಸುಪಾಸಿನ ಸಂದು ಅಗಲವಾಗಿಬಿಟ್ಟಿರುತ್ತದೆ. ಮಸಿ ಹೋಯಿತು, ಪಿಸ್ಟನ್ನೂ ಹೋಯಿತು.

ಇದೇ ಕ್ರಿಯೆ ಬೇಕಾದ ಕಡೆ ಬಲು ಉಪಕಾರಿ. ಬೆಳಗಾವಿಯಲ್ಲಿರುವ ಅಲ್ಯುಮಿನಾ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರನ್ನು ಬಿಸಿ ಕಾಸ್ಟಿಕ್ ಸೋಡದಲ್ಲಿ ಹಾಕಿ ಅಲ್ಯುಮಿನಿಯಂ ಆಕ್ಸೈಡನ್ನು ಮಾತ್ರ ಕರಗಿಸಿ, ಕೆಂಪು ಕೆಸರನ್ನು ಬೇರ್ಪಡಿಸುತ್ತಾರೆ. ಕಾರ್ಲ್ ಜೋಸೆಫ್ ಬೇಯರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಕೊಂಡ ವಿಧಾನ ಇದು. ಅಲ್ಲಿ ಅದಿರನ್ನು ಬಿಡಿಸುವ ದ್ರವವೇ ಇಲ್ಲಿ ಪಿಸ್ಟನ್ ತಿನ್ನುತ್ತದೆ. ಅಲ್ಯುಮಿನಿಯಂ ಪಾತ್ರೆಯನ್ನು ವಾಷಿಂಗ್ ಸೋಡದಿಂದ ತೊಳೆದರೆ ಕಳೆಗುಂದುವುದೂ ಈ ಕಾರಣಕ್ಕೇ.

ಅಡುಗೆಮನೆಯ ಓವನ್ ಸ್ವಚ್ಛಗೊಳಿಸುವ ಸ್ಪ್ರೇ ಹಾಕಿ ನೋಡುವ ಉತ್ಸಾಹಿಗಳೂ ಇದ್ದಾರೆ. ಅಂಥ ಹಲವು ಡಬ್ಬಿಗಳಲ್ಲಿರುವುದು ಇದೇ ಕಾಸ್ಟಿಕ್ ಸೋಡ. ಶೌಚಾಲಯ ತೊಳೆಯುವ ದ್ರವದಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಇನ್ನೊಂದು ದಾರಿಯ ಅನಾಹುತ. ಅದು ಮಸಿಯನ್ನು ಬಿಡಿಸುವುದಿಲ್ಲ. ಸೈಲೆನ್ಸರಿನ ಕ್ರೋಮಿಯಂ ಹೊಳಪನ್ನು ಬಿಡಿಸುತ್ತದೆ.

ಅಲ್ಯುಮಿನಿಯಂ ಭಾಗಗಳಿಗೆ ದಾರಿಯೇ ಇಲ್ಲವೇ? ಇದೆ. ಅನುಭವಿ ಮೆಕ್ಯಾನಿಕ್‌ಗಳು ಪಿಸ್ಟನ್ ಮತ್ತು ಹೆಡ್ಡನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸುತ್ತಾರೆ. ಅಂಟಿನ ಹಸಿ ಭಾಗ ಅದರಲ್ಲಿ ಮೆತ್ತಗಾಗುತ್ತದೆ. ಆಮೇಲೆ ಬಿದಿರಿನ ಇಲ್ಲವೆ ಮರದ ಚಕ್ಕೆಯಿಂದ ಕೆರೆಯುತ್ತಾರೆ. ರಿಂಗಿನ ಗಾಡಿಗೆ ಮುರಿದ ಹಳೆಯ ರಿಂಗಿನ ತುಂಡೇ ಸರಿಯಾದ ಸಾಧನ, ಅಳತೆ ತಾನಾಗಿ ಹೊಂದುತ್ತದೆ. ಸ್ಕ್ರೂಡ್ರೈವರ್ ಮಾತ್ರ ಕೂಡದು. ಅದು ಬಿಟ್ಟ ಗೀರಿನಲ್ಲೇ ಮುಂದಿನ ಮಸಿ ಬೇರು ಬಿಡುತ್ತದೆ. ‘ಅಲ್ಯುಮಿನಿಯಂಗೆ ಸುರಕ್ಷಿತ’ ಎಂದು ಬರೆದ ನೀರುಬೆರಕೆ ದ್ರವಗಳೂ ಇವೆ. ಅವುಗಳಲ್ಲಿ ಕೆಲವಕ್ಕೆ ಸೋಡಿಯಂ ಸಿಲಿಕೇಟ್ ಸೇರಿಸಿರುತ್ತಾರೆ. ಅದು ಲೋಹದ ಮೇಲೆ ತೆಳುಪೊರೆ ಕಟ್ಟಿ ಕ್ಷಾರದ ಹಲ್ಲು ತಾಗದಂತೆ ಕಾಯುತ್ತದೆ.

ಮಸಿಯನ್ನು ಸುಟ್ಟೇ ತೆಗೆಯಬಾರದೇಕೆ ಎಂದು ಕೇಳಬಹುದು. ಸೈಲೆನ್ಸರಿನೊಳಗಿನ ಬ್ಯಾಫಲ್ ಕೊಳವೆಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತಟ್ಟುವ ಪದ್ಧತಿ ಇದೆ. ಮಸಿ ಉರಿಯಲು ಹೆಚ್ಚುಕಡಿಮೆ 600 ಡಿಗ್ರಿ ಬೇಕು. ಉಕ್ಕು ತಡೆಯುತ್ತದೆ. ಅಲ್ಯುಮಿನಿಯಂ ಕರಗುವುದೇ 660 ಡಿಗ್ರಿಗೆ, ಪಿಸ್ಟನ್ನಿನ ಮಿಶ್ರಲೋಹ ಇನ್ನೂ ಬೇಗ. ಅಂತೂ ಪಿಸ್ಟನ್ನಿಗೆ ಆ ಬಾಗಿಲೂ ಮುಚ್ಚಿದೆ.

ಡಬ್ಬಿಯೊಳಗಿನ ಇನ್ನೊಂದು ಭೂತ

ಕಾರ್ಬ್ಯುರೇಟರ್ ಬಿಚ್ಚಿ ಅದ್ದಿಡಲು ಬಳಕೆಗೆ ಬಂದಿದ್ದ ಹಳೆಯ ಕಾಲದ ತೀಕ್ಷ್ಣ ದ್ರಾವಕಗಳಲ್ಲಿ ಡೈಕ್ಲೋರೋಮೀಥೇನ್ ಎಂಬ ದ್ರವ ಪ್ರಧಾನವಾಗಿತ್ತು. ಜೊತೆಗೆ ಫಿನೈಲಿನಂತೆ ನಾರುವ ಕ್ರೆಸಾಲ್. ಡೈಕ್ಲೋರೋಮೀಥೇನ್ ಕುದಿಯುವುದು ಸುಮಾರು 40 ಡಿಗ್ರಿಗೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಾದರೆ ಡಬ್ಬಿ ತೆರೆದಿಟ್ಟರೇ ಸಾಕು! ಇದನ್ನು ತಡೆಯಲು ತಯಾರಕರು ಜಾಣ ಉಪಾಯ ಮಾಡಿದ್ದರು. ಅದು ನೀರಿಗಿಂತ ಭಾರ, ನೀರಿನಲ್ಲಿ ಹೆಚ್ಚು ಕರಗುವುದೂ ಇಲ್ಲ. ಮೇಲೆ ಒಂದು ಪದರ ನೀರು ನಿಲ್ಲಿಸಿದರೆ ಅದೇ ಮುಚ್ಚಳ.

ಈ ದ್ರಾವಕ ಅಂಟಿನೊಳಕ್ಕೆ ನುಗ್ಗಿ ಅದನ್ನು ಉಬ್ಬಿಸಿ ಲೋಹದಿಂದ ಎಬ್ಬಿಸುತ್ತದೆ. ಅಲ್ಯುಮಿನಿಯಂ ಭಾಗಗಳನ್ನು ಕಾಸ್ಟಿಕ್‌ನಂತೆ ತಿನ್ನುವುದಿಲ್ಲ. ಆದರೆ ತಿನ್ನುವುದು ಮನುಷ್ಯನನ್ನು. ಉಸಿರಿನ ಮೂಲಕ ಒಳಹೋದ ಡೈಕ್ಲೋರೋಮೀಥೇನಿನ ಒಂದಂಶವನ್ನು ದೇಹ ಇಂಗಾಲದ ಮಾನಾಕ್ಸೈಡ್ ಆಗಿ ಬದಲಿಸುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಪ್ಪಿಕೊಳ್ಳುವುದು ಈ ಅನಿಲವನ್ನು. ಹೊಗೆಯೇ ಇಲ್ಲದ ಕೋಣೆಯಲ್ಲಿ ಹೊಗೆ ಕುಡಿದವನ ಗತಿ! ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರವಾದ್ದರಿಂದ ನೆಲದ ಮೇಲೆ, ಗುಂಡಿಯಲ್ಲಿ ನಿಲ್ಲುತ್ತದೆ. ಬಗ್ಗಿ ಕೆಲಸ ಮಾಡುವ ಹುಡುಗನ ಮೂಗಿನ ಮಟ್ಟದಲ್ಲಿ. ಸಾಧಾರಣ ರಬ್ಬರ್ ಕೈಗವಸನ್ನು ಅದು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಅಮೆರಿಕ 2024ರಲ್ಲಿ ಇದರ ಬಹುಪಾಲು ಉಪಯೋಗಗಳನ್ನು ನಿಷೇಧಿಸಿತು.

ನಮ್ಮ ರಸ್ತೆಬದಿಯ ಗ್ಯಾರೇಜುಗಳಲ್ಲಿ ಇಷ್ಟು ದುಬಾರಿ ಡಬ್ಬಿ ಎಲ್ಲಿಯದು? ಅಲ್ಲಿ ಅರ್ಧ ಕತ್ತರಿಸಿದ ಕ್ಯಾನು, ಅದರಲ್ಲಿ ಪೆಟ್ರೋಲು, ಒಂದು ಬ್ರಷ್ಷು. ಕೆಲಸ ಕಲಿಯಲು ಬಂದ ಹುಡುಗ ದಿನವಿಡೀ ಅದರಲ್ಲೇ ಕೈಯಾಡಿಸಿ, ಸಂಜೆ ಅದರಲ್ಲೇ ಕೈ ತೊಳೆದು ಮನೆಗೆ ಹೋಗುತ್ತಾನೆ. ಪೆಟ್ರೋಲಿನಲ್ಲಿ ಸ್ವಲ್ಪ ಪ್ರಮಾಣದ ಬೆಂಜೀನ್ ಇದ್ದೇ ಇರುತ್ತದೆ. ರಕ್ತದ ಕ್ಯಾನ್ಸರಿಗೆ ಅದು ಕಾರಣವೆಂಬುದರಲ್ಲಿ ಸಂಶಯವಿಲ್ಲ. ಬೆಂಕಿಯ ಮಾತಂತೂ ಬೇರೆಯೇ. ಸೀಮೆಎಣ್ಣೆ ತಕ್ಷಣಕ್ಕೆ ಹೊತ್ತಿಕೊಳ್ಳುವುದಿಲ್ಲ, ಪೆಟ್ರೋಲಿನ ಆವಿ ಚಳಿಗಾಲದ ಬೆಳಗಿನಲ್ಲೂ ಒಂದು ಕಿಡಿಗೆ ಕಾದಿರುತ್ತದೆ. ಕ್ಯಾನಿನಲ್ಲಿ ಪೆಟ್ರೋಲಿನ ಬದಲು ಸೀಮೆಎಣ್ಣೆಯೋ ಡೀಸೆಲೋ ಇಟ್ಟು, ಕೈ ತೊಳೆಯಲು ಸಾಬೂನು ಕೊಡುವುದಕ್ಕೆ ಗ್ಯಾರೇಜಿನ ಮಾಲೀಕನಿಗೆ ತಗಲುವ ಖರ್ಚು ಬಹಳವೇನಲ್ಲ.

ಹಿತ್ತಲಿಗೆ ಮರಳಿದರೆ

ಹಳೆಯ ಸೈಲೆನ್ಸರಿನ ಮಸಿಯಲ್ಲಿ ಇನ್ನೊಂದು ವಸ್ತು ಅಡಗಿರಬಹುದು. ಭಾರತದಲ್ಲಿ 2000ದ ಫೆಬ್ರುವರಿ 1ರಿಂದ ಸೀಸರಹಿತ ಪೆಟ್ರೋಲ್ ಎಲ್ಲೆಡೆ ಬಂತು. ಅದಕ್ಕೂ ಮೊದಲು ಎಂಜಿನ್ ಕುಟ್ಟದಿರಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. 1970, 80ರ ದಶಕದ ಬೈಕಿನ ಮೂಲ ಸೈಲೆನ್ಸರ್ ಆಗಿದ್ದರೆ ಅದರ ತಳದ ಪದರಗಳಲ್ಲಿ ಆ ಸೀಸ ಉಳಿದಿರಬಹುದು. ಒಣಗಿದ ಕರಿಯನ್ನು ಕೆರೆದು ಧೂಳೆಬ್ಬಿಸಬಾರದು, ಕಪ್ಪು ಕಷಾಯವನ್ನು ತೆಂಗಿನ ಬುಡಕ್ಕೋ ಬಾವಿಯ ಬದಿಗೋ ಚೆಲ್ಲಬಾರದು ಎಂಬುದಕ್ಕೆ ಇದೂ ಒಂದು ಕಾರಣ. ಸೀಸದ ಹಾನಿ ಮೊದಲು ತಟ್ಟುವುದು ಮಕ್ಕಳ ಮಿದುಳಿಗೆ.

ಕಾಸ್ಟಿಕ್ ಸೋಡ ಕರಗಿಸುವುದು ದೊಡ್ಡವರ ಕೆಲಸ. ಒಂದು ಕಿಲೋ ಸೋಡ 10 ಲೀಟರ್ ನೀರಿನಲ್ಲಿ ಕರಗಿದರೆ ನೀರಿನ ಉಷ್ಣತೆ ಸುಮಾರು 25 ಡಿಗ್ರಿ ಏರುತ್ತದೆ. ಅಷ್ಟೇ ಸೋಡವನ್ನು ಎರಡು ಲೀಟರಿಗೆ ಸುರಿದರೆ ನೀರು ಕುದಿಯುವ ಮಟ್ಟಕ್ಕೆ ಬಂದು ಮುಖಕ್ಕೆ ಸಿಡಿಯುತ್ತದೆ. ಆದ್ದರಿಂದ ನೀರಿಗೆ ಸೋಡವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸೋಡದ ಮೇಲೆ ನೀರು ಸುರಿಯಬಾರದು. ಬಕೆಟ್ಟು ದಪ್ಪ ಪ್ಲಾಸ್ಟಿಕ್ಕಿನದಿರಲಿ. ಸತುವಿನ ಲೇಪದ ತಗಡಿನದೂ ಬೇಡ, ಅಲ್ಯುಮಿನಿಯಂ ಅಂತೂ ಬೇಡವೇ ಬೇಡ. ಸೈಲೆನ್ಸರಿನ ಎರಡೂ ತುದಿ ಮುಚ್ಚಬಾರದು. ಕಣ್ಣಿಗೆ ಕನ್ನಡಕ ಕಡ್ಡಾಯ. ಕಣ್ಣಿಗೆ ಬಿದ್ದ ಆಮ್ಲಕ್ಕಿಂತ ಕ್ಷಾರ ಆಳಕ್ಕೆ ಇಳಿಯುತ್ತದೆ, ಆರಂಭದಲ್ಲಿ ಉರಿ ಕಡಿಮೆ ಎನಿಸಿದರೂ. ಹನಿ ಸಿಡಿದರೆ ಆ ಕ್ಷಣವೇ ಹರಿಯುವ ನೀರಿನಲ್ಲಿ ಅರ್ಧ ಗಂಟೆ ತೊಳೆದು ಆಸ್ಪತ್ರೆಗೆ ಓಡಬೇಕು. ಆಮ್ಲ ಹಾಕಿದರೆ ಕ್ಷಾರ ತಟಸ್ಥವಾಗುತ್ತದೆಂದು ಪಾಠ ನೆನಪಿಸಿಕೊಂಡು ನಿಂಬೆರಸ ಹಿಂಡಲು ಹೋದರೆ ಕಣ್ಣು ಉಳಿಯದು.

ಈಗಿನ ಬೈಕು, ಕಾರುಗಳಲ್ಲಿ ಈ ತಂಟೆ ಬಹಳಷ್ಟು ಕಡಿಮೆಯಾಗಿದೆ. ಇಂಧನದಲ್ಲೇ ಬೆರೆಸುವ ಪಾಲಿಈಥರಮೀನ್‌ನಂಥ ಡಿಟರ್ಜೆಂಟುಗಳು ಅಂಟು ಕೂರುವ ಮೊದಲೇ ಅದನ್ನು ತೊಳೆದು ಸಾಗಿಸುತ್ತವೆ. ವಿಚಿತ್ರವೆಂದರೆ, ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಹೊಸ ಕಾರುಗಳಲ್ಲಿ ಒಳವಾಲ್ವಿನ ಬೆನ್ನಿಗೆ ಪೆಟ್ರೋಲು ತಾಗುವುದೇ ಇಲ್ಲ. ಅಲ್ಲಿ ಮತ್ತೆ ಕರಿ ಕಟ್ಟುತ್ತದೆ. ಅದನ್ನು ಬಿಡಿಸಲು ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಊದುತ್ತಾರೆ. ಮಸಿಗಿಂತ ಗಟ್ಟಿ, ಲೋಹಕ್ಕಿಂತ ಮೆತ್ತಗೆ ಎಂಬುದೇ ಅದರ ಗುಣ. ಮೆಕ್ಯಾನಿಕ್‌ನ ಬಿದಿರ ಚಕ್ಕೆಯ ಗುಣವೂ ಅದೇ.

ಇತ್ತ ಹಿತ್ತಲಲ್ಲಿ, ತೊಳೆದ ಸೈಲೆನ್ಸರನ್ನು ಬಿಸಿಲಿಗೆ ಬಗ್ಗಿಸಿ ಒಣಗಿಸಿ, ಒಳಗೆ ತೆಳುವಾಗಿ ಎಣ್ಣೆ ಹಾಯಿಸಬೇಕು. ಇಲ್ಲದಿದ್ದರೆ ಬರಿಮೈಯಾದ ಉಕ್ಕು ಒಂದೇ ದಿನದಲ್ಲಿ ತುಕ್ಕು ಹಿಡಿಯುತ್ತದೆ. ಮೊದಲ ಕಿಕ್ಕಿಗೆ ಆ ಎಣ್ಣೆಯೇ ಉರಿದು ಬಿಳಿ ಹೊಗೆ ಅಂಗಳ ತುಂಬುತ್ತದೆ. ಹೆದರಬೇಕಾಗಿಲ್ಲ, ಹತ್ತು ನಿಮಿಷದಲ್ಲಿ ನಿಲ್ಲುತ್ತದೆ.